ಕ್ರೂಸ್‌ಗೆ ಹೋಗಿ ಬನ್ನಿ, ಆದರೆ ಅದನ್ನು ‘ಫ್ಯಾಮಿಲಿ ಟೈಮ್’ ಅನ್ನಬೇಡಿ

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕುಂದಾಪುರ, ಬೈಂದೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಟೂರಿನ ಜಾಹೀರಾತು ಶುರುವಾಗುತ್ತದೆ. ಮೊದಲೆಲ್ಲ ಊಟಿ, ಮೈಸೂರು, ಹೆಚ್ಚೆಂದರೆ ತಿರುಪತಿ. ಈಗ ಕೆಲವು ವರ್ಷದಿಂದ ಒಂದು ದೊಡ್ಡ ಬಿಳಿ ಹಡಗಿನ ಫೋಟೋ ಬರುತ್ತಿದೆ. ಹಡಗಿನ ನೆತ್ತಿಯ ಮೇಲೆ ಈಜುಕೊಳ, ಜಾರುಬಂಡಿ. ಕೆಳಗೆ ಕೆಂಪು ಅಕ್ಷರದಲ್ಲಿ, ‘ಬೆಳೆದ ಮಕ್ಕಳೊಂದಿಗೆ ಫ್ಯಾಮಿಲಿ ಟೈಮ್. ಮಕ್ಕಳಿಗೆ ಉಚಿತ. ಸುಲಭ ಕಂತು.’

ಈ ಸಲ ಇದೇ ಮೆಸೇಜು ನನಗೆ ಐದು ಗ್ರೂಪಿನಿಂದ ಬಂತು. ಅದರಲ್ಲೊಂದು ಭಜನಾ ಮಂಡಳಿಯದ್ದು.

ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯವರು ಹಡಗು ಹತ್ತಬಾರದು, ದುಡ್ಡು ಖರ್ಚು ಮಾಡಬಾರದು ಅನ್ನುವವನಲ್ಲ ನಾನು. ಊರವರು ಊರಲ್ಲೇ ಕೊಳೆಯಬೇಕು ಅನ್ನುವುದು ಊರು ಬಿಟ್ಟವರ ಆಸೆ. ನನ್ನ ಜಗಳ ಇರುವುದು ಆ ಎರಡು ಶಬ್ದದ ಮೇಲೆ, ‘ಫ್ಯಾಮಿಲಿ ಟೈಮ್’. ಆ ಹಡಗಿನಲ್ಲಿ ಮಾರುವ ವಸ್ತು ಅದಲ್ಲ. ಮಾರುವುದು ಅದರ ಉಲ್ಟಾ.

ನನ್ನ ಹೈಸ್ಕೂಲು ಗೆಳೆಯನೊಬ್ಬ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಮಗ ಫಸ್ಟ್ ಪಿಯುಸಿ, ಮಗಳು ಎಂಟನೇ ಕ್ಲಾಸು. ಅವನ ಭಾವ ಬೆಂಗಳೂರಿನಲ್ಲಿ ಹೋಟೆಲಿನವರು. ಹಿಂದಿನ ವರ್ಷ ಭಾವನ ಮನೆಯವರು ಸಿಂಗಾಪುರದಿಂದ ಕ್ರೂಸ್ ಹೋಗಿ ಬಂದರು. ಅವರು ಹೋದ ಮೇಲೆ ಇವನು ಹೋಗದಿದ್ದರೆ ಹೇಗೆ? ನಮ್ಮೂರಿಗೆ ತಾರಸಿ ಮನೆ ಬಂದದ್ದೂ, ಮದುವೆಗೆ ಹಾಲ್ ಬಂದದ್ದೂ ಇದೇ ದಾರಿಯಲ್ಲಿ.

ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನ, ನಾಲ್ಕು ರಾತ್ರಿ ಹಡಗು. ನಾಲ್ಕು ಜನಕ್ಕೆ ಎಲ್ಲ ಸೇರಿ 5 ಲಕ್ಷದ ಹತ್ತಿರ ಹೋಯಿತು. ಅದರಲ್ಲಿ 3 ಲಕ್ಷ ಪರ್ಸನಲ್ ಲೋನ್. ‘ಮಕ್ಕಳಿಗೆ ಉಚಿತ’ ಅಂದದ್ದು ಎಂತ ಅಂದರೆ, ಅಪ್ಪ ಅಮ್ಮನ ಕೋಣೆಯಲ್ಲೇ ಮೂರನೆಯವರು, ನಾಲ್ಕನೆಯವರು ಮಲಗಿದರೆ ಅವರಿಗೆ ಕೋಣೆಯ ಬಾಡಿಗೆ ಇಲ್ಲ. ಬಂದರಿನ ಶುಲ್ಕ, ತೆರಿಗೆ, ದಿನದ ಸರ್ವಿಸ್ ಚಾರ್ಜು ಎಲ್ಲವೂ ತಲೆಗೆ ಇಷ್ಟು ಅಂತ, ‘ಉಚಿತ’ ಮಕ್ಕಳಿಗೂ ಇತ್ತು. ಊಟ ಟಿಕೆಟ್ಟಿನಲ್ಲೇ ಬರುತ್ತದೆ. ಕೋಲಾಕ್ಕೆ ಬೇರೆ ದುಡ್ಡು. ಇಂಟರ್ನೆಟ್ಟಿಗೆ ಬೇರೆ ದುಡ್ಡು, ಅದೂ ಡಾಲರ್‌ನಲ್ಲಿ. ಹದಿನಾರು ವರ್ಷದ ಹುಡುಗನನ್ನು ಇಂಟರ್ನೆಟ್ ಇಲ್ಲದೆ ನಾಲ್ಕು ದಿನ ಇಟ್ಟು ನೋಡಿ, ಆ ದುಡ್ಡು ನೀವು ಕೊಟ್ಟೇ ಕೊಡುತ್ತೀರಿ.

ಬಂದ ಮೇಲೆ ಕೇಳಿದೆ, ಮಕ್ಕಳ ಜೊತೆ ಹೇಗಾಯ್ತು ಅಂತ. ಸ್ವಲ್ಪ ಯೋಚನೆ ಮಾಡಿ ಹೇಳಿದ, “ಒಳ್ಳೆದಿತ್ತ್ ಮಾರಾಯ. ಮಕ್ಕಳು ಸಿಕ್ಕಿದ್ದೇ ಕಮ್ಮಿ.”

ಮಗ ದೊಡ್ಡ ಮಕ್ಕಳ ಕ್ಲಬ್ಬಿಗೆ ಹೋದವನು ಬರುತ್ತಿದ್ದದ್ದು ರಾತ್ರಿ ಒಂದು ಗಂಟೆಗೆ. ಅಲ್ಲಿ ಅಪ್ಪ ಅಮ್ಮನಿಗೆ ಪ್ರವೇಶ ಇಲ್ಲ. ಮಗಳ ವಯಸ್ಸಿಗೆ ಬೇರೆ ಕ್ಲಬ್ಬು. ಹೆಂಡತಿ ಮೊದಲ ದಿನ ತಲೆ ತಿರುಗಿ ಮಲಗಿದ್ದರು, ಮತ್ತೆ ಮೂರು ದಿನ ಹಾಯಾಗಿ ಕೂತಿದ್ದರು. ಇವನಿಗೆ ದಾವಣಗೆರೆ ಕಡೆಯ ಒಬ್ಬರು ಜೊತೆ ಸಿಕ್ಕಿದ್ದರು, ಅವರೂ ಮಕ್ಕಳನ್ನು ಹುಡುಕುತ್ತಿದ್ದವರೇ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ನಾಲ್ಕು ರಾತ್ರಿಯಲ್ಲಿ, ನಿದ್ದೆ ಬಿಟ್ಟು, ನಾಲ್ಕೂ ಜನ ಒಟ್ಟಿಗಿದ್ದದ್ದು ಐದಾರು ಗಂಟೆ. ಅದೂ ಊಟದ ಮೇಜಿನಲ್ಲಿ, ಎರಡು ರಾತ್ರಿ. ಮೂರನೇ ರಾತ್ರಿ ಮಗ ಪಿಜ್ಜಾ ತಿಂದಾಗಿದೆ ಅಂತ ಬರಲೇ ಇಲ್ಲ.

ಇದು ಹುಡುಗನ ತಪ್ಪಲ್ಲ. ಹಡಗು ಕಟ್ಟಿರುವುದೇ ಹಾಗೆ. ಅಮೆರಿಕದ ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ 12ರಿಂದ 14 ವರ್ಷದವರಿಗೆ ಒಂದು ಕ್ಲಬ್ಬು, 15ರಿಂದ 17ರವರಿಗೆ ಇನ್ನೊಂದು. ಮಕ್ಕಳು ಕಾಲಿಡಬಾರದ, ದೊಡ್ಡವರಿಗೆ ಮಾತ್ರ ಅಂತಿರುವ ಜಾಗಗಳು ಬೇರೆ. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ರಾಯಲ್ ಕೆರಿಬಿಯನ್ ಕಂಪನಿಯ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ 20 ಅಂತಸ್ತು. ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೆ 5,610 ಪ್ರಯಾಣಿಕರು. ಅದನ್ನು ಎಂಟು ಕೇರಿಗಳ ಹಾಗೆ ಭಾಗ ಮಾಡಿದ್ದಾರೆ, ಒಬ್ಬೊಬ್ಬರ ರುಚಿಗೆ ಒಂದೊಂದು. ನಮ್ಮಲ್ಲಿ ಎಷ್ಟೋ ಗ್ರಾಮಗಳಲ್ಲಿ ಅಷ್ಟು ಜನ ಇಲ್ಲ. ಅಂಥ ಕಡೆ ನಿಮ್ಮ ಮಗ ಸಿಗದಿದ್ದರೆ ಆಶ್ಚರ್ಯ ಎಂತದ್ದು?

ಒಬ್ಬರಿಂದ ಒಬ್ಬರಿಗೆ ನಾಲ್ಕು ದಿನ ರಜೆ. ಇದು ಅಲ್ಲಿ ಮಾರುವ ಮಾಲು. ಒಳ್ಳೆಯ ಮಾಲೇ. ಹದಿನಾರು ವರ್ಷದವನ ಜೊತೆ ಬದುಕುವವರಿಗೆ ಆ ರಜೆ ಬೇಕು, ಹದಿನಾರು ವರ್ಷದವನಿಗಂತೂ ಇನ್ನೂ ಬೇಕು. ಆದರೆ ನಮ್ಮೂರಿನ ಏಜೆಂಟರು ಇದನ್ನು ‘ಬೆಳೆದ ಮಕ್ಕಳು ಮತ್ತೆ ಹತ್ತಿರ ಬರುತ್ತಾರೆ’ ಅಂತ ಹೇಳಿ ಮಾರುತ್ತಾರೆ. ಮಗ ಮಾತಾಡುವುದಿಲ್ಲ ಅಂತ ಒಳಗೊಳಗೇ ಕೊರಗುವ ಅಪ್ಪ ಅದನ್ನು ನಂಬಿ ಸಾಲದ ಫಾರಂಗೆ ಸಹಿ ಹಾಕುತ್ತಾನೆ. ನನಗೆ ಸಿಟ್ಟು ಬರುವುದು ಅಲ್ಲಿ.

ಇದೇ ಕುಟುಂಬ ಮೂರು ವರ್ಷ ಹಿಂದೆ ಹಂಪಿಗೆ ಹೋಗಿತ್ತು. ಹೊಸಪೇಟೆ ದಾಟುವಾಗ ಕಾರು ಕೈಕೊಟ್ಟಿತು. ಹದಿಮೂರರ ಹುಡುಗ ಒಬ್ಬ ಬೈಕಿನವನ ಹಿಂದೆ ಕೂತು ಹೋಗಿ ಗ್ಯಾರೇಜಿನವನನ್ನು ಕರೆತಂದ. ಮಧ್ಯಾಹ್ನವಿಡೀ ಎಲ್ಲರೂ ಒಂದು ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ ಮಿರ್ಚಿ ತಿಂದರು. ಆ ಕತೆಯನ್ನು ಹುಡುಗ ಈಗಲೂ ಹೇಳುತ್ತಾನೆ, ಹೇಳುವಾಗ ಬಿಸಿಲು ಜಾಸ್ತಿಯಾಗುತ್ತಾ ಹೋಗುತ್ತದೆ. ಕ್ರೂಸಿನ ಬಗ್ಗೆ ಕೇಳಿದರೆ ಫೋನು ತೆಗೆದು ಫೋಟೋ ತೋರಿಸುತ್ತಾನೆ. ಹಂಪಿಯ ದಾರಿಯಲ್ಲಿ ಅವನು ಬೇಕಾಗಿದ್ದ. ಹಡಗಿನಲ್ಲಿ ಅವನಿಂದ ಯಾರಿಗೂ ಎಂತದೂ ಬೇಕಿರಲಿಲ್ಲ.

ಈ ಮಾತು ಹೇಳುತ್ತಿದ್ದಾಗ ಗೆಳೆಯನ ಹೆಂಡತಿ ಒಳಗಿಂದ ಬಂದರು. “ನಾಲ್ಕು ದಿನ ನಾನು ಒಲೆ ಹಚ್ಚಲಿಲ್ಲ. ಒಂದು ಪಾತ್ರೆ ತೊಳೆಯಲಿಲ್ಲ. ಹಂಪಿಗೆ ಹೋದಾಗ ಬುತ್ತಿ ಕಟ್ಟಿದ್ದು ಯಾರು? ಬರೆಯುದಾದ್ರೆ ಅದನ್ನೂ ಬರೀರಿ.”

ಬರೆದಿದ್ದೇನೆ. ಇಷ್ಟೂ ವಾದದಲ್ಲಿ ನನ್ನ ಹತ್ತಿರ ಉತ್ತರ ಇಲ್ಲದ ಮಾತು ಇದೊಂದೇ. ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ, ಅದು ಅವರಿಗಲ್ಲ. ಮನೆಯಲ್ಲಿ ಹೆಂಗಸಿಗೆ ನಾಲ್ಕು ದಿನ ಅಡುಗೆಮನೆಯಿಂದ ಬಿಡುವು ಸಿಗಬೇಕಾದರೆ ಮಲಾಕ್ಕಾ ಜಲಸಂಧಿಗೇ ಹೋಗಬೇಕಾ? ಆ ಮನೆಯಲ್ಲಿ ಆರೋಗ್ಯವಾಗಿರುವ ಇಬ್ಬರು ಗಂಡಸರಿದ್ದಾರೆ, ಒಬ್ಬನಿಗೆ ನಲವತ್ತು ಸಮೀಪಿಸುತ್ತಿದೆ, ಇನ್ನೊಬ್ಬನಿಗೆ ಹದಿನಾರು. ಉಂಡ ಬಟ್ಟಲು ಎತ್ತಿಡಲು 5 ಲಕ್ಷ ಬೇಕಾಗುವುದಿಲ್ಲ.

ಅವರ ಸ್ಟೇಟಸ್ಸಿನಲ್ಲಿ ನಾನು ನೋಡಿದ ಫೋಟೋಗಳಲ್ಲಿ ಒಂದು ಆನೆ ಇತ್ತು. ಬಿಳಿ ಟವೆಲನ್ನು ಮಡಚಿ ಮಾಡಿದ ಆನೆ, ಹಾಸಿಗೆಯ ಮೇಲೆ. ಮಾರನೇ ದಿನ ಮಂಗ, ಮತ್ತೊಂದು ದಿನ ಹಂಸ. ಮಗಳು ಹಾರ್ಟ್ ಹಾಕಿ ಹಂಚಿದ್ದಳು. ಕೋಣೆ ಗುಡಿಸುವವರು ದಿನಾ ಸಂಜೆ ಹಾಗೆ ಮಾಡಿಟ್ಟು ಹೋಗುತ್ತಾರೆ.

ಆ ಆನೆ ನನಗೆ ಗೊತ್ತು. ನನ್ನ ದೊಡ್ಡಮ್ಮನ ಮಗ, ಅಣ್ಣ, 11 ವರ್ಷದಿಂದ ಇಂಥದ್ದೇ ಹಡಗುಗಳಲ್ಲಿ ಆನೆ ಮಾಡುತ್ತಿದ್ದಾನೆ. ಕ್ಯಾಬಿನ್ ಸ್ಟೀವರ್ಡ್. ಅವನ ಪಾಲಿಗೆ ಹದಿನೆಂಟು ಕೋಣೆ. ಒಂಬತ್ತು ತಿಂಗಳು ಹಡಗಿನಲ್ಲಿ, ಎರಡು ತಿಂಗಳು ಮನೆಯಲ್ಲಿ, ಮತ್ತೆ ಹಡಗು. ಅವನ ಮಗಳಿಗೆ ಈಗ 14, ಒಂಬತ್ತನೇ ಕ್ಲಾಸು. ಈ 11 ವರ್ಷದಲ್ಲಿ ಅವನು ಮಗಳ ಜೊತೆ ಒಂದು ಸೂರಿನಡಿ ಮಲಗಿದ್ದು ಕೂಡಿಸಿದರೆ ಎರಡು ವರ್ಷ.

ಹಾಗಾಗಿ ಆ ಹಡಗಿನಲ್ಲಿ ಹದಿಹರೆಯದ ಮಕ್ಕಳಿರುವ ಕುಟುಂಬ ಒಂದಲ್ಲ, ಎರಡು. ಒಂದು ಫೋಟೋದಲ್ಲಿರುತ್ತದೆ. ಇನ್ನೊಂದರ ಅರ್ಧ ಭಾಗ ಮೂರನೇ ಅಂತಸ್ತಿನ ಕೆಳಗೆ ಕಿಟಕಿ ಇಲ್ಲದ ಕೋಣೆಯಲ್ಲಿ, ಉಳಿದರ್ಧ ನಮ್ಮ ಬೈಂದೂರು ಕಡೆಯ ಒಂದು ಮನೆಯಲ್ಲಿ, ನೆಟ್‌ವರ್ಕ್ ಸಿಗುವ ಬಾವಿಕಟ್ಟೆಯ ಹತ್ತಿರ. ಐಕಾನ್ ಹಡಗಿನಲ್ಲಿ 2,350 ಸಿಬ್ಬಂದಿ ಇದ್ದಾರೆ. ಪ್ರತಿಯೊಬ್ಬನ ಹಿಂದೆ ಹೀಗೊಂದು ಮನೆ ಇರುತ್ತದೆ.

ಕೆಲಸದ ಹೊತ್ತಿನ ಲೆಕ್ಕ ಹೇಳುತ್ತೇನೆ. ಹಡಗಿನ ಕೆಲಸಗಾರರಿಗೆ 2006ರ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, ಅದು ಜಾರಿಗೆ ಬಂದದ್ದು 2013ರಲ್ಲಿ. ಭಾರತ 2015ರಲ್ಲಿ ಒಪ್ಪಿತು. ಅದರಲ್ಲಿ ದೇಶಗಳಿಗೆ ಎರಡು ದಾರಿ ಕೊಟ್ಟಿದ್ದಾರೆ. ಕೆಲಸ ಇಷ್ಟಕ್ಕಿಂತ ಹೆಚ್ಚಿರಬಾರದು ಅನ್ನಬಹುದು, ಇಲ್ಲವೇ ವಿಶ್ರಾಂತಿ ಇಷ್ಟಕ್ಕಿಂತ ಕಡಿಮೆ ಇರಬಾರದು ಅನ್ನಬಹುದು. ವಿಶ್ರಾಂತಿಯ ದಾರಿ ಹಿಡಿದರೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ. ವಾರಕ್ಕಿರುವುದು 168 ಗಂಟೆ. 77 ಕಳೆಯಿರಿ. ಉಳಿದ 91 ಗಂಟೆ ದುಡಿಸಿದರೂ ಕಾನೂನು ಮುರಿದ ಹಾಗಲ್ಲ. ಕಂಪನಿ ಅಮೆರಿಕದ್ದಾದರೂ ಹಡಗಿನ ಬಾವುಟ ಬಹಾಮಾಸ್, ಪನಾಮಾದಂಥ ದೇಶದ್ದಾಗಿರುವುದು ಈ ಧಂದೆಯಲ್ಲಿ ಮಾಮೂಲು. ಹಡಗಿನೊಳಗೆ ನಡೆಯುವುದು ಬಾವುಟದ ದೇಶದ ಕಾನೂನು.

2020ರ ಫೆಬ್ರವರಿ ನೆನಪಿರಬೇಕು. ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೊನಾ ಅಂತ ನಿಲ್ಲಿಸಿದ್ದರು. ಒಳಗಿದ್ದವರು 3,711 ಜನ, ಸೋಂಕು ತಗುಲಿದ್ದು 700ಕ್ಕೂ ಹೆಚ್ಚು ಜನರಿಗೆ. ಭಾರತೀಯರು 138, ಅದರಲ್ಲಿ 132 ಜನ ಸಿಬ್ಬಂದಿ. ಪ್ರಯಾಣಿಕರನ್ನು ಅವರವರ ಕೋಣೆಯಲ್ಲಿ ಕೂಡಿಹಾಕಿದರು. ಆ ಕೋಣೆಯ ಬಾಗಿಲಿಗೆ ಊಟ ತಂದಿಡುತ್ತಿದ್ದವರು ಮಾತ್ರ ಹಂಚಿಕೊಂಡ ಕೋಣೆಗಳಲ್ಲೇ ಮಲಗಿ, ಒಟ್ಟಿಗೇ ಉಂಡು, ಕೆಲಸ ಮುಂದುವರಿಸಿದರು. ಅಣ್ಣ ಆಗ ಬೇರೊಂದು ಹಡಗಿನಲ್ಲಿದ್ದ. ಟಿವಿಯಲ್ಲಿ ಯಾವ ಹಡಗು ತೋರಿಸಿದರೂ ದೊಡ್ಡಮ್ಮನಿಗೆ ಅದು ಮಗನ ಹಡಗೇ.

ಎರಡು ವರ್ಷ ಹಿಂದೆ ಅಣ್ಣನ ಹಡಗು ಪಣಂಬೂರಿಗೆ ಬಂತು. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗು ಬರುವುದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಪ್ರಯಾಣಿಕರು ಇಳಿಯುವಾಗ ಚೆಂಡೆ, ಯಕ್ಷಗಾನದ ವೇಷ. ಅವರು ಎಸಿ ಬಸ್ಸಿನಲ್ಲಿ ಕದ್ರಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಬರುತ್ತಾರೆ.

ಅಣ್ಣನಿಗೆ ಎರಡೂವರೆ ಗಂಟೆ ಬಿಡುವು ಸಿಗುತ್ತದೆ ಅಂತ ಹಿಂದಿನ ರಾತ್ರಿ ಗೊತ್ತಾಯಿತು. ನಾನು, ಅತ್ತಿಗೆ, ಮಗಳು ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಹೊರಟೆವು. 100 ಕಿಲೋಮೀಟರ್ ಹತ್ತಿರ, ಸಾಸ್ತಾನದಲ್ಲೊಂದು ಟೋಲು, ಹೆಜಮಾಡಿಯಲ್ಲೊಂದು. ಬಂದರಿನ ಒಳಗೆ ನಮ್ಮನ್ನು ಬಿಡುವುದಿಲ್ಲ. ಗೇಟಿನ ಹೊರಗೆ ಕಾದೆವು. ಅಣ್ಣ ಹೊರಗೆ ಬಂದಾಗ ಹತ್ತೂ ಮುಕ್ಕಾಲು. ಹತ್ತಿರದ ಒಂದು ಹೋಟೆಲಿನಲ್ಲಿ ಕೂತೆವು. ಅತ್ತಿಗೆ ಮನೆಯಿಂದ ಕೊಟ್ಟೆಕಡುಬು ತಂದಿದ್ದರು, ಹೋಟೆಲಿನವರು ಪಾಪ ಏನೂ ಹೇಳಲಿಲ್ಲ. ಮಗಳು ಮೊದಲ ಅರ್ಧ ಗಂಟೆ ಮಾತೇ ಆಡಲಿಲ್ಲ. ಆರು ತಿಂಗಳು ಕಂಡಿರದ ಅಪ್ಪ ಎದುರಿಗೆ ಕೂತರೆ ಹನ್ನೆರಡು ವರ್ಷದ ಹುಡುಗಿ ಎಂತ ಮಾತಾಡುತ್ತಾಳೆ? ಗಣಿತದ ಮಾರ್ಕು ಕೇಳಿದ, ಹೇಳಿದಳು. ಮತ್ತೆ ನಿಧಾನಕ್ಕೆ ಶಾಲೆಯ ಯಾವುದೋ ಜಗಳದ ಕತೆ ಶುರು ಮಾಡಿದಳು. ಕತೆ ಅರ್ಧಕ್ಕೆ ಬಂದಾಗ ಅಣ್ಣ ಗಡಿಯಾರ ನೋಡಿದ. ಹುಡುಗಿ ಅದನ್ನು ಕಂಡಳು, ಕತೆ ನಿಲ್ಲಿಸಿದಳು. ಪ್ರಯಾಣಿಕರು ಮೂಡುಬಿದಿರೆಯಿಂದ ಬರುವುದರೊಳಗೆ ಹದಿನೆಂಟು ಕೋಣೆ ಮುಗಿಯಬೇಕಿತ್ತು.

ಮರುದಿನದ ಪೇಪರುಗಳಲ್ಲಿ ಪ್ರಯಾಣಿಕರು ಇಷ್ಟು, ಸಿಬ್ಬಂದಿ ಇಷ್ಟು ಅಂತ ಪ್ರೆಸ್‌ನೋಟಿನಲ್ಲಿದ್ದ ಹಾಗೇ ಬಂದಿತ್ತು. ನಾನೂ ಅಂಥ ಸುದ್ದಿ ಎಷ್ಟೋ ಸಲ ಟೈಪು ಮಾಡಿದ್ದೇನೆ.

‘ಸಂಬಳ ಬರುತ್ತದಲ್ಲ, ಪುಕ್ಕಟೆ ದುಡಿಯುತ್ತಾರಾ’ ಅಂತ ನೀವು ಕೇಳಬಹುದು. ಬರುತ್ತದೆ. ತಂಗಿಯ ಮದುವೆ ಆದದ್ದು ಆ ಸಂಬಳದಲ್ಲಿ, ಮನೆಗೆ ಟೈಲ್ಸ್ ಬಂದದ್ದು ಆ ಸಂಬಳದಲ್ಲಿ. ಕ್ರೂಸ್ ಬೇಡ ಅಂತ ಬರೆಯುತ್ತೇನೆ ಅಂದಾಗ ಅಣ್ಣನೇ ಫೋನಿನಲ್ಲಿ ಬೈದ, “ಜನ ಬರದಿದ್ದರೆ ನಾನು ತಿನ್ನುದು ಎಂತ? ಬರ್ಲಿ ಮಾರಾಯ. ಕೋಣೆಯನ್ನು ಸ್ವಲ್ಪ ಮನುಷ್ಯರ ಹಾಗೆ ಇಟ್ಟುಕೊಳ್ಳಲಿ ಅಂತ ಬರಿ.” ದೊಡ್ಡ ಮಕ್ಕಳಿರುವ ಕೋಣೆಯೇ ಅವನಿಗೆ ಹೆಚ್ಚು ಕಷ್ಟವಂತೆ. ನಾಲ್ಕು ಜನ ಒಂದು ಚಿಕ್ಕ ಕೋಣೆಯಲ್ಲಿ, ಒದ್ದೆ ಟವೆಲು ಹಾಸಿಗೆಯ ಮೇಲೆ, ಮಧ್ಯಾಹ್ನ ಹನ್ನೆರಡಾದರೂ ಮಗ ಎದ್ದಿರುವುದಿಲ್ಲ, ಬಾಗಿಲು ತಟ್ಟಿದರೆ ಅಪ್ಪನ ಸಿಡುಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಗೆಳೆಯ ಇದನ್ನು ಓದಿ ಬೈಯುತ್ತಾನೆ, ಬೈಯಲಿ.

ದಿನದ ಸರ್ವಿಸ್ ಚಾರ್ಜು ಅಂದೆನಲ್ಲ, ಅದಕ್ಕೆ ಹಡಗಿನಲ್ಲಿ ಗ್ರಾಚ್ಯುಟಿ ಅನ್ನುತ್ತಾರೆ. ಟಿಪ್ಸು ಅಂತಲೇ ಇಟ್ಟುಕೊಳ್ಳಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮಾಮೂಲು ಕೋಣೆಯವರಿಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಬಿಲ್ಲಿಗೆ ತಾನಾಗಿಯೇ ಸೇರುತ್ತದೆ. ಕೋಣೆಯವರು, ಊಟ ಬಡಿಸುವವರ ಗಳಿಕೆಯಲ್ಲಿ ಇದರದ್ದು ದೊಡ್ಡ ಪಾಲು. ಬೇಡ ಅಂದರೆ ಕೌಂಟರಿಗೆ ಹೋಗಿ ಹೇಳಿ ತೆಗೆಸಲು ಅನೇಕ ಹಡಗುಗಳಲ್ಲಿ ಅವಕಾಶ ಇದೆ. ಬೆಂಗಳೂರಿನ ಭಾವ ಈ ‘ಉಪಾಯ’ ಹೇಳಿಕೊಟ್ಟಿದ್ದರು. ಕೊನೆಯ ರಾತ್ರಿ ನನ್ನ ಗೆಳೆಯ ಕೌಂಟರಿಗೆ ಹೋದ. ಇಂಗ್ಲಿಷಿನಲ್ಲಿ ಮಾತಾಡಲು ಮಗನನ್ನು ಕರೆದುಕೊಂಡು ಹೋದ. ಮಗನೇ ಹೇಳಿದ, ತೆಗೆಯಿರಿ ಅಂತ. ತೆಗೆದರು. ಇಪ್ಪತ್ತು ಸಾವಿರದ ಹತ್ತಿರ ಉಳಿಯಿತು.

ಇಡೀ ಪ್ರವಾಸದಲ್ಲಿ ಅಪ್ಪ ಮಗ ಸೇರಿ ಮಾಡಿದ ಒಂದೇ ಕೆಲಸ ಅದು. ಹೊಸಪೇಟೆಯ ಬಿಸಿಲಿನಲ್ಲಿ ಗ್ಯಾರೇಜು ಹುಡುಕಿದ ಹುಡುಗನಿಗೆ, ಟವೆಲಿನ ಆನೆ ಮಾಡಿದವನ ದುಡ್ಡು ಕೀಳುವುದು ಹೇಗೆ ಅಂತ ಅಪ್ಪನೇ ಕರೆದುಕೊಂಡು ಹೋಗಿ ಕಲಿಸಿದ. ಆನೆ ಮಾಡಿದವನ ಹೆಸರೇನು ಅಂತ ನಾನು ನಾಲ್ಕೂ ಜನರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಆ ಹಡಗುಗಳಲ್ಲಿ ಕೆಲಸದವರು ಎದೆಯ ಮೇಲೆ ಬ್ಯಾಡ್ಜ್ ಹಾಕಿರುತ್ತಾರೆ, ಅದರಲ್ಲಿ ಹೆಸರಿನ ಜೊತೆ ಸಾಮಾನ್ಯವಾಗಿ ದೇಶದ ಹೆಸರೂ ಇರುತ್ತದೆ. ನಾಲ್ಕು ದಿನ ಎದುರಿಗೇ ಇದ್ದ ಬ್ಯಾಡ್ಜ್ ಅದು.

ಹಾಗಾಗಿ ಹೋಗುವವರಿಗೆ ನನ್ನದು ಎರಡು ಮಾತು. ಟಿಪ್ಸಿನ ದುಡ್ಡನ್ನು ಟಿಕೆಟ್ಟಿನ ದುಡ್ಡು ಅಂತಲೇ ಲೆಕ್ಕ ಹಿಡಿಯಿರಿ. ಅದು ಕೊಡಲು ಆಗದಿದ್ದರೆ ನಿಮ್ಮ ಹತ್ತಿರ ಕ್ರೂಸಿನ ದುಡ್ಡು ಇಲ್ಲ ಅಂತ ಅರ್ಥ, ಗೋಕರ್ಣಕ್ಕೆ ಹೋಗಿ. ಇನ್ನೊಂದು, ಮೊದಲ ದಿನದ ಸುರಕ್ಷತಾ ಡ್ರಿಲ್. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ತಾಗಿ ಮಗುಚಿತು, 32 ಜನ ಸತ್ತರು. ಅಂದು ಸಂಜೆ ಹತ್ತಿದ ನೂರಾರು ಜನರಿಗೆ ಡ್ರಿಲ್ ಆಗಿರಲೇ ಇಲ್ಲ. ಸತ್ತವರಲ್ಲಿ ಭಾರತದ ಒಬ್ಬ ಕೆಲಸಗಾರನೂ ಇದ್ದ. ಅದಾದ ಮೇಲೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಮಾಡಬೇಕು ಅಂತ ನಿಯಮ ಬಂತು. ಈಗ ಹಲವು ಕಡೆ ಫೋನಿನಲ್ಲಿ ವಿಡಿಯೋ ನೋಡಿ, ಹೇಳಿದ ಜಾಗಕ್ಕೆ ಹೋಗಿ ಹಾಜರಿ ಕೊಟ್ಟರೆ ಮುಗಿಯಿತು. ನಿಮ್ಮ ಮಗ ವಿಡಿಯೋ ಓಡಿಸಿ ಬೇರೆಂತದೋ ನೋಡುತ್ತಾನೆ, ಬರೆದಿಟ್ಟುಕೊಳ್ಳಿ. ಅಲಾರಂ ಆದಾಗ ಅವನು ಇರುವುದು ನಿಮ್ಮ ಹತ್ತಿರ ಅಲ್ಲ, ಹಡಗಿನ ಆ ತುದಿಯಲ್ಲಿ. ಅಪ್ಪ ಅಮ್ಮನನ್ನು ಹುಡುಕಿಕೊಂಡು ಕೋಣೆಗೆ ಓಡಬಾರದು, ಸೇರಬೇಕಾದ ಜಾಗಕ್ಕೆ ಓಡಬೇಕು. ಆ ಜಾಗಕ್ಕೆ ಮೊದಲ ದಿನವೇ ಅವನ ಜೊತೆ ನಡೆದು ಹೋಗಿ ಬನ್ನಿ.

ಈ ಹಡಗಿನ ರೀಲ್ಸ್ ನೋಡಿ ಅಲ್ಲೇ ಕೆಲಸಕ್ಕೆ ಸೇರಬೇಕು ಅನ್ನುವ ಹುಡುಗರೂ ನಮ್ಮಲ್ಲಿ ಬಹಳ. ಸೇರಲಿ. ಆದರೆ ‘ಎರಡು ಲಕ್ಷ ಕೊಡಿ, ಹಡಗು ಹತ್ತಿಸುತ್ತೇನೆ’ ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ. ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಅನ್ನುವ ಲೈಸೆನ್ಸ್ ಇರಬೇಕು. ಆ ಲೈಸೆನ್ಸ್ ಇದ್ದವರು ಕೆಲಸ ಕೊಡಿಸಿದ್ದಕ್ಕೆ ಅಂತ ಹುಡುಗರಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ಮೆಡಿಕಲ್, ಸಿಡಿಸಿ ಪುಸ್ತಕದ ಖರ್ಚು ನಿಮ್ಮದು.

ಇದನ್ನು ಯಾಕೆ ಬರೆದೆ ಅಂದರೆ, ಹೋದ ವಾರ ಗೆಳೆಯನ ಮಗ ನನಗೆ ಮೆಸೇಜು ಮಾಡಿದ್ದ. ಅಂಕಲ್, ಹಡಗಿನಲ್ಲಿ ಕೆಲಸಕ್ಕೆ ಸೇರುವುದು ಹೇಗೆ, ನಿಮ್ಮ ಅಣ್ಣ ಇದ್ದಾರಂತಲ್ಲ, ಅಂತ. ಅಣ್ಣನ ನಂಬರ್ ಕೊಟ್ಟಿದ್ದೇನೆ. ಟಿಪ್ಸಿನ ವಿಷಯ ಅಣ್ಣನಿಗೆ ಹೇಳಿಲ್ಲ. ಅವನು ಆಗಸ್ಟಿನಲ್ಲಿ ಊರಿಗೆ ಬರುತ್ತಾನೆ, ಎದುರಿಗೇ ಕೂತು ಮಾತಾಡು ಅಂದಿದ್ದೇನೆ ಹುಡುಗನಿಗೆ.